ಕೆಂಡದ ಪಾತ್ರೆಯಲ್ಲಿ ಬಸ್ಸಾರು

ಕಲ್ಕತ್ತೆಗೆ ಬಂದ ಹೊಸದರಲ್ಲೇ ಒಂದು ಮೀನಿನ ಉಂಡೆ ನನ್ನ ಪ್ರಾಣ ತೆಗೆಯುವುದರಲ್ಲಿತ್ತು. ಚೀನೀಯರ ಊಟದಂಗಡಿಯೊಂದರಲ್ಲಿ ಕೂತಿದ್ದೆ. ಮೇಜಿನ ನಡುವೆಯೇ ಸಾರು ಕುದಿಯುತ್ತಿತ್ತು. ಅದರಲ್ಲಿ ಬೆಳ್ಳಗೆ ದುಂಡಗೆ ತೇಲುತ್ತಿದ್ದ ಉಂಡೆಯೊಂದನ್ನು ಪಕ್ಕದಲ್ಲಿದ್ದ ಬಂಗಾಳಿ ಗುಮಾಸ್ತ ನನ್ನ ಬಟ್ಟಲಿಗೆ ಹಾಕಿದ. ಮುಳಬಾಗಿಲ ಕಡೆಯ ತಾಯಲೂರಿನಲ್ಲಿ ಹುಟ್ಟಿ ಬೆಳೆದವನಿಗೆ ಸಾರಿನಲ್ಲಿ ಮುಳುಗಿದ ದುಂಡನೆಯ ತುತ್ತನ್ನು ಏನು ಮಾಡಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಅಗಿಯದೆ ನುಂಗಿದೆ. ಮುದ್ದೆ ಜಾರಿದಂತೆ ಅದು ಜಾರಲಿಲ್ಲ. ಎದೆಯ ನಡುವೆ ಸುಡುತ್ತಾ ಕೂತುಬಿಟ್ಟಿತು. ಕಣ್ಣುಗಳು ಮೇಲಕ್ಕೆ ಸಿಕ್ಕಿಕೊಂಡವು. ಅಂಗಡಿಯಲ್ಲಿದ್ದವರೆಲ್ಲ ಎದ್ದುಬಂದು ಬೆನ್ನು ಗುದ್ದುತ್ತಾ, "ಚಿಬಿಯೇ ಖಾವ್! ಚಿಬಿಯೇ ಖಾವ್!" ಎಂದು ಕೂಗಿದರು. ಅಗಿದು ತಿನ್ನು ಎಂದು ಅದರ ಅರ್ಥ. ನಾನು ಕಲಿತ ಮೊದಲ ಬಂಗಾಳಿ ಮಾತು ಅದೇ.

ನಾನು ಇಲ್ಲಿಗೆ ಬಂದದ್ದು ರೇಷ್ಮೆಯ ದೆಸೆಯಿಂದ. ಹುಡುಗನಾಗಿದ್ದಾಗಿನಿಂದ ಗೂಡು ಬೇಯಿಸಿ ನೂಲು ತೆಗೆಯುವವರ ನಡುವೆ ಬೆಳೆದವನು. ಚೀನಾದಿಂದ ಬರುವ ನೂಲನ್ನು ಆರಿಸಿ ಬೇರ್ಪಡಿಸಲು ಜನ ಬೇಕೆಂದು ಇಲ್ಲಿನ ಮಂಡಿಯವರೊಬ್ಬರು ಕರೆಸಿಕೊಂಡರು. ನಮ್ಮ ಕಡೆಯ ನೂಲಿಗೆ ಬೆಲೆಯಿಲ್ಲದಂತೆ ಮಾಡಿದ್ದೇ ಈ ಚೀನಾ ನೂಲು. ಅದನ್ನೇ ಬೆರಳ ತುದಿಯಲ್ಲಿ ಸವರಿ ಹೊಟ್ಟೆ ಹೊರೆಯುವ ಭಾಗ್ಯ ನನ್ನದಾಯಿತು. ಮಂಡಿಯ ಹಿಂದೆಯೇ ಚೀನೇಪಾಡಾ. ಪಾಡಾ ಎಂದರೆ ನಮ್ಮ ಕೇರಿ. ಹೀಗಾಗಿ ಮಧ್ಯಾಹ್ನದ ಊಟಕ್ಕೆ ನನಗೆ ಹತ್ತಿರವಾದದ್ದು ಬಂಗಾಳವಲ್ಲ, ಚೀನಾ.

ಇಲ್ಲಿ ನನ್ನನ್ನು ಎಲ್ಲರೂ ಮದ್ರಾಸಿ ಎನ್ನುತ್ತಾರೆ. ಮೈಸೂರು ಎಂದರೆ ಒಂದು ನಿಮಿಷ ಯೋಚಿಸಿ, ಮತ್ತೆ ಮದ್ರಾಸಿ ಎನ್ನುತ್ತಾರೆ. ಕನ್ನಡವೆಂಬ ಭಾಷೆ ಇದೆ ಎಂದು ವಾದಿಸಿ ವಾದಿಸಿ ಸಾಕಾಗಿ ಬಿಟ್ಟುಬಿಟ್ಟೆ. ಕೊನೆಗೆ ಕೈ ಹಿಡಿದದ್ದು ಮುಳಬಾಗಿಲಿನ ತೆಲುಗು. ಹಡಗುಕಟ್ಟೆಯ ಕೂಲಿಗಳಲ್ಲಿ ತೆಲುಗಿನವರು ಬೇಕಾದಷ್ಟಿದ್ದರು. ಅವರೇ ನನಗೆ ಕೋಣೆ ಹುಡುಕಿಕೊಟ್ಟರು. ಕೋಣೆಯೆಂದರೆ ನಮ್ಮೂರಿನಲ್ಲಿ ಸೌದೆ ಒಟ್ಟುವ ಕೊಟ್ಟಿಗೆಗಿಂತ ಚಿಕ್ಕದು, ಅದಕ್ಕೆ ಒಂದೇ ಕಿಟಕಿ, ಆ ಕಿಟಕಿಗೆ ಎದುರು ಮನೆಯ ಗೋಡೆ. ಊರಿನಲ್ಲಿ ಬಾಗಿಲಲ್ಲಿ ಕೂತರೆ ಹೋಗುವವರೆಲ್ಲ "ಊಟ ಆಯ್ತಾ?" ಎಂದು ಕೇಳಿಯೇ ಮುಂದೆ ಹೋಗುತ್ತಿದ್ದರು. ಇಲ್ಲಿ ಯಾರಾದರೂ ಹಾಗೆ ಕೇಳಲಿ ಎಂದು ಬಾಗಿಲು ತೆಗೆದಿಟ್ಟು ಕೂತದ್ದೂ ಉಂಟು. ಬೆಕ್ಕು ಮಾತ್ರ ಬಂದಿತು.

ಆ ಕುದಿಯುವ ಪಾತ್ರೆಯ ವಿಷಯ ಹೇಳಬೇಕು. ಅಗಲವಾದ ಪಾತ್ರೆ, ಅದರ ಹೊಟ್ಟೆಯ ನಡುವಿನಿಂದ ಮೇಲಕ್ಕೆ ಒಂದು ಕೊಳವೆ. ಕೊಳವೆಯೊಳಗೆ ಇದ್ದಿಲ ಕೆಂಡ. ಸುತ್ತಲ ಕಂದಕದಲ್ಲಿ ಸಾರು. ಸೊಪ್ಪು, ಮೀನು, ಕೋಳಿಯ ಚೂರು ಬೇಕಾದ್ದನ್ನು ಅವರವರೇ ಹಾಕಿ, ಬೆಂದಂತೆ ಕಡ್ಡಿಯಲ್ಲಿ ಎತ್ತಿ ತಿನ್ನುವುದು. ಕೊನೆಯಲ್ಲಿ ಉಳಿದ ಸಾರನ್ನು ಕುಡಿಯುವುದು. ಇಲ್ಲಿನ ಬಾಬುಗಳು ಇದನ್ನು ಚಿಮ್ನಿ ಸೂಪು ಎನ್ನುತ್ತಾರೆ.

ಇಂಥ ಅಂಗಡಿಗಳಲ್ಲಿ ನನಗೆ ಮೆಚ್ಚಿಕೆಯಾದವು ಮೂರು. ಮೊದಲನೆಯದು ನಾನು ಉಂಡೆ ನುಂಗಿದ ಅಂಗಡಿ. ಬೀದಿಗೇ ಹಾಕಿದ ಬೆಂಚುಗಳು, ಗುರುತಿಲ್ಲದವರೆಲ್ಲ ಒಂದೇ ಪಾತ್ರೆಯ ಸುತ್ತ ಕೂರಬೇಕು. ಇವತ್ತಿಗೂ ನಾನು ಒಳಗೆ ಕಾಲಿಟ್ಟರೆ ಯಜಮಾನ ಗಂಟಲು ಹಿಡಿದುಕೊಂಡು ಕಣ್ಣು ಮೇಲೆ ಮಾಡಿ ತೋರಿಸುತ್ತಾನೆ. ಎರಡನೆಯದು ಮಹಡಿಯ ಮೇಲಿದೆ. ಬಿಳಿಯ ಮೇಜುವಸ್ತ್ರ, ಪರದೆ, ಪರಿಚಾರಕನೇ ಬಡಿಸುತ್ತಾನೆ. ಸಾರು ಅಮೃತದಂತಿರುತ್ತದೆ, ಆದರೆ ಅಲ್ಲಿ ಸೊರ್ ಎಂದು ಕುಡಿಯುವ ಹಾಗಿಲ್ಲ. ಸದ್ದಿಲ್ಲದೆ ಸಾರು ಕುಡಿಯುವುದಕ್ಕಿಂತ ಉಪವಾಸವೇ ಮೇಲು ಅನ್ನಿಸಿ ಇಳಿದುಬಂದೆ. ಮೂರನೆಯದು ಆಸೋಳ ಅಂಗಡಿ. ಆಸೋ ಎಂದರೆ ಅವರ ಭಾಷೆಯಲ್ಲಿ ಅತ್ತಿಗೆ. ಎಲ್ಲರೂ ಹಾಗೆ ಕರೆಯುತ್ತಿದ್ದರು, ನಾನೂ ಕರೆದೆ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಅಂಗಡಿ ನಡೆಸುತ್ತಿದ್ದ ಹೆಂಗಸು. ಕೆಲವೇ ಮೇಜುಗಳು. ಸೊಪ್ಪನ್ನು ಮಾತ್ರ ಹೊರೆಗಟ್ಟಲೆ ಇಡುತ್ತಿದ್ದಳು. ಹೀಗೆ ಅಂಗಡಿಗಳ ಬಗ್ಗೆ ಬರೆಯುತ್ತಾ ಹೋಗಬಹುದಿತ್ತು. ಆದರೆ ಆಸೋಳ ಹೆಸರು ಬಂದ ಮೇಲೆ ನಾರಾಯಣಮ್ಮನ ಮಾತು ಬರೆಯದೆ ಮುಂದೆ ಹೋಗಲಾರೆ.

ನಾರಾಯಣಮ್ಮ ನನ್ನ ಹೆಂಡತಿ. ತವರು ನಮ್ಮ ಕಡೆಯದೇ ಆದ ಟೇಕಲ್. ಕೋಣೆ ಹಿಡಿದ ಮೇಲೆ ಅವಳನ್ನು ಕರೆಸಿಕೊಂಡೆ. ಒಂದು ಮೂಟೆ ರಾಗಿಹಿಟ್ಟು ತಂದಳು. ಹಿಟ್ಟು ಇರುವ ತನಕ ನಮ್ಮ ಕೋಣೆ ತಾಯಲೂರೇ ಆಗಿತ್ತು. ಇಲ್ಲಿನ ತೇವಕ್ಕೆ ಹಿಟ್ಟು ಬೂಸಲು ಹಿಡಿಯಿತು. ಅಲ್ಲಿಂದ ಶುರುವಾಯಿತು ನೋಡಿ. ಸಾಸಿವೆ ಎಣ್ಣೆಯ ವಾಸನೆಗೆ ಅವಳಿಗೆ ವಾಕರಿಕೆ. ಅನ್ನ ಉಂಡರೆ ಉಂಡ ಹಾಗೇ ಆಗುವುದಿಲ್ಲ ಎನ್ನುವಳು. ಎರಡು ತುತ್ತಿಗೇ ಕೈ ತೊಳೆಯುವಳು. ರಾಗಿಗಾಗಿ ನಾನು ಅಲೆಯದ ಬಜಾರಿಲ್ಲ. ಯಾರೋ ಸಜ್ಜೆಹಿಟ್ಟು ಕೊಟ್ಟರು, ಮುದ್ದೆ ಕಟ್ಟಲು ಹೋದರೆ ಬಿರಿದುಹೋಯಿತು. ಅವಳು ಆ ಚೂರುಗಳನ್ನು ನೋಡಿ ಅತ್ತಳು. ಡಾಕ್ಟರು ನಾಡಿ ನೋಡಿ, ರೋಗವೇನೂ ಇಲ್ಲ, ಚೆನ್ನಾಗಿ ಊಟ ಮಾಡಿಸಿ ಎಂದರು. ಅದು ನನಗೂ ಗೊತ್ತಿತ್ತು. ಕೈಬಳೆಗಳು ಮೊಣಕೈವರೆಗೂ ಸಡಿಲವಾಗಿ ಜಾರುತ್ತಿದ್ದವು. ಕಣ್ಣೆದುರಿಗೇ ಹೆಂಡತಿ ಸವೆಯುತ್ತಿದ್ದಳು, ನನ್ನ ಕೈಯಲ್ಲಿ ಏನೂ ಆಗುತ್ತಿರಲಿಲ್ಲ. ಅವಳು ಉಂಡರೆ ಉಳಿಯುತ್ತಾಳೆ, ಇಲ್ಲದಿದ್ದರೆ ಟೇಕಲ್ಲಿಗೆ ಕಳಿಸಿಬಿಡಬೇಕು ಎಂಬಲ್ಲಿಗೆ ಬಂದಿತ್ತು.

ಒಂದು ಭಾನುವಾರ ಒತ್ತಾಯ ಮಾಡಿ ಆಸೋಳ ಅಂಗಡಿಗೆ ಕರೆದುಕೊಂಡು ಹೋದೆ. ಪಕ್ಕದ ಮೇಜಿನಲ್ಲಿ ಒಂದು ಸಂಸಾರ ಒಂದೇ ಪಾತ್ರೆಗೆ ಕಡ್ಡಿ ಅದ್ದಿ ತಿನ್ನುತ್ತಿತ್ತು. ನಾರಾಯಣಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಬಾಯಿಗಿಟ್ಟ ಕಡ್ಡೀನೇ ಮತ್ತೆ ಅದ್ದುತಾ ಅವ್ರೆ! ಎಂಜಲು ಕಣ್ರೀ ಇದು. ನಡೀರಿ, ಹೋಗಾನ."

"ಬಂದಿದ್ದೀವಲ್ಲ, ಸ್ವಲ್ಪ ಕೂತ್ಕೋ."

"ಹಸ್ಕೊಂಡು ಸಾಯ್ತೀನಿ, ಎಂಗಿಲಿ ಮಾತ್ರ ತಿನ್ನಲ್ಲ," ಎಂದಳು. ಸಿಟ್ಟು ಬಂದರೆ ಅವಳ ಬಾಯಲ್ಲಿ ಎಂಜಲೂ ತೆಲುಗಿನ ಎಂಗಿಲಿಯಾಗುವುದು.

ಏನೆಂದು ಆಸೋ ಕೇಳಿದಳು. ನನಗೆ ನಾಚಿಕೆಯಾಯಿತು. ಬಂಗಾಳಿಯಲ್ಲಿ ಎಂಜಲಿಗೆ ಏಂಟೋ ಎನ್ನುತ್ತಾರೆ. ಆ ಮಾತನ್ನು ಮೆಲ್ಲಗೆ ಹೇಳಿದೆ. ಆಸೋ ಬೇಸರ ಮಾಡಿಕೊಳ್ಳಲಿಲ್ಲ. ಜೋರಾಗಿ ನಕ್ಕು ಒಳಗೆ ಹೋದಳು. ಅಟ್ಟದಿಂದ ಒಂದು ಪಾತ್ರೆ ಇಳಿಸಿ, ಬಟ್ಟೆಯ ಗಂಟು ಬಿಚ್ಚಿ, ನಮ್ಮೆದುರಿಗೇ ತೊಳೆದು ತಂದಳು. ಅಂಗಡಿಯ ಪಾತ್ರೆಗಳಂತೆ ಮಸಿ ಹಿಡಿದದ್ದಲ್ಲ. ಹಿತ್ತಾಳೆ ಫಳಫಳ ಎನ್ನುತ್ತಿತ್ತು. ಗಿರಾಕಿಗಳು ಯಾರೂ ಮುಟ್ಟದ ಪಾತ್ರೆ ಎಂದು ಕೈಸನ್ನೆಯಲ್ಲೇ ತಿಳಿಸಿದಳು. ನೀರು ಹುಯ್ದು, ಕೊಳವೆಗೆ ಕೆಂಡ ತುಂಬಿ, ಸೊಪ್ಪಿನ ಜೊತೆ ಮೊಳಕೆಯ ತಟ್ಟೆಯನ್ನೂ ತಂದಿಟ್ಟಳು.

ನಾರಾಯಣಮ್ಮ ಒಂದು ಎಲೆಯನ್ನು ಎತ್ತಿ ಮೂಸಿದಳು.

"ದಂಟಿನ ಸೊಪ್ಪಲ್ವಾ?"

"ಹೂಂ."

"ಇದು ಮೊಳಕೆ ಹೆಸರುಕಾಳು! ಸೊಪ್ಪೂ ಐತೆ, ಕಾಳೂ ಐತೆ. ಮೊದ್ಲೇ ಹೇಳಬಾರ್ದಾ ನೀವು?"

ಎಷ್ಟೋ ತಿಂಗಳ ಮೇಲೆ ಅವಳು ನನ್ನನ್ನು ಬೈದದ್ದು. ನನಗೆ ಎಷ್ಟು ಸಂತೋಷವಾಯಿತೆಂದರೆ, ಅಲ್ಲೇ ಎದ್ದು ಕುಣಿಯಬೇಕು ಅನ್ನಿಸಿತು. ಅವಳು ಸೆರಗು ಸಿಕ್ಕಿಸಿಕೊಂಡು ಸೊಪ್ಪು ಕಾಳು ಎರಡನ್ನೂ ಪಾತ್ರೆಗೆ ಹಾಕಿದಳು. ಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆಹಣ್ಣು, ಅರೆಯಲು ಕಲ್ಲು ಬೇಕೆಂದು ಅಪ್ಪಣೆಯಾಯಿತು. ನಾನು ಆಸೋಳ ಹಿಂದೆ ಅಡಿಗೆಮನೆಗೆ ಓಡಿದೆ. ಇಬ್ಬರೂ ಸೇರಿ ಖಾರ ಅರೆದೆವು. ಆಸೋಗೆ ಏನು ನಡೆಯುತ್ತಿದೆ ಎಂದು ತಿಳಿಯದಿದ್ದರೂ ನನ್ನ ಮುಖ ನೋಡಿ ಅವಳೂ ನಗುತ್ತಿದ್ದಳು.

ಸೊಪ್ಪು ಕಾಳು ಬೆಂದ ಮೇಲೆ ನಮ್ಮ ಕಡೆಯ ಹೆಂಗಸು ಏನು ಮಾಡುತ್ತಾಳೆ? ಬಸಿಯುತ್ತಾಳೆ. ಬಸಿದರೆ ತಾನೇ ಬಸ್ಸಾರು. ನಾರಾಯಣಮ್ಮ ಸೆರಗಿನಲ್ಲಿ ಪಾತ್ರೆಯ ಕಿವಿ ಹಿಡಿದು, ತಟ್ಟೆಯನ್ನು ಅಡ್ಡವಿಟ್ಟು, ಕಟ್ಟನ್ನೆಲ್ಲ ಒಂದು ಬಟ್ಟಲಿಗೆ ಬಸಿದುಬಿಟ್ಟಳು. ನಮ್ಮೂರ ಒಲೆಯಲ್ಲಾದರೆ ಪಾತ್ರೆ ಕೆಳಗಿಳಿದ ಮೇಲೆ ಬೆಂಕಿ ಒಲೆಯಲ್ಲೇ ಉಳಿಯುತ್ತದೆ. ಇದರ ಬೆಂಕಿ ಪಾತ್ರೆಯ ಹೊಟ್ಟೆಯಲ್ಲೇ ಇತ್ತು. ಕಂದಕದಲ್ಲಿ ನೀರಿಲ್ಲದೆ ಕೆಂಡ ಉರಿದರೆ ಬೆಸುಗೆ ಕರಗುತ್ತದೆ ಎಂದು ಅವಳಿಗೆ ಹೇಗೆ ಗೊತ್ತಾಗಬೇಕು? ನಾವು ಖಾರ ಹಿಡಿದು ಬರುವಷ್ಟರಲ್ಲಿ ಸೀದ ವಾಸನೆ ಬರುತ್ತಿತ್ತು. ಕೊಳವೆಯ ಬುಡ ಬಾಯಿ ಬಿಟ್ಟು, ಕೆಂಡ ಸೊಪ್ಪಿನ ಮೇಲೆ ಉದುರಿತ್ತು. ನಾರಾಯಣಮ್ಮ ಬಸಿದ ಬಟ್ಟಲನ್ನು ಎರಡು ಕೈಯಲ್ಲಿ ಹಿಡಿದು, ನಗುನಗುತ್ತಾ ನಮಗೆ ತೋರಿಸುತ್ತಿದ್ದಳು.

ಆಸೋ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಪಾತ್ರೆಯ ಹತ್ತಿರ ಕೂತು, ಬಿರುಕಿನ ಸುತ್ತ ಬಟ್ಟೆಯಿಂದ ಒರೆಸಿದಳು. "ಬಾಪೇರ್ ಬಾಡಿ," ಎಂದಳು. ಅಪ್ಪನ ಮನೆ ಎಂದು ಅದರ ಅರ್ಥ, ಬಂಗಾಳಿಗಳು ತವರಿಗೆ ಹಾಗೆನ್ನುತ್ತಾರೆ. ಮದುವೆಯಾಗಿ ಹಡಗು ಹತ್ತುವಾಗ ಅವಳ ತಾಯಿ ಕೊಟ್ಟ ಪಾತ್ರೆ ಅದು. ನಾವು ಅದನ್ನು ಕೆಡಿಸಿದ ಹೊತ್ತಿಗೆ ಚೀನಾದಲ್ಲಿ ಯುದ್ಧ ನಡೆದಿತ್ತು. ಅವಳ ಊರಿನಿಂದ ಒಂದು ಸುದ್ದಿಯೂ ಬರುತ್ತಿರಲಿಲ್ಲ, ಇನ್ನು ಅಂಥದೇ ಪಾತ್ರೆ ತರಿಸುವ ಮಾತೆಲ್ಲಿ.

"ಏನಂತೆ?" ಎಂದು ನಾರಾಯಣಮ್ಮ ಕೇಳಿದಳು. ನಾನು ಬಾಯಿಬಿಡುವ ಮೊದಲೇ, "ತವರಿಂದಾ?" ಎಂದಳು. ತಲೆಯಾಡಿಸಿದೆ.

ಬಟ್ಟಲು ಮೇಜಿನ ಮೇಲಿತ್ತು. ಆಸೋ ತಾನೇ ಖಾರ ಕದಡಿ ಅವಳ ಕಡೆಗೆ ತಳ್ಳಿ, "ಖಾವ್, ಖಾವ್," ಎಂದಳು. ತನ್ನ ಕೈಯಾರೆ ಬಸಿದ ಸಾರು, ತಿಂಗಳುಗಟ್ಟಲೆ ಅವಳ ಒಡಲು ಬೇಡಿದ ಸಾರು, ನಾರಾಯಣಮ್ಮ ಮುಟ್ಟಲಿಲ್ಲ. ನಾನು ಬೇಡಿಕೊಂಡೆ. ಗದರಿದೆ. ಮತ್ತೆ ಬೇಡಿಕೊಂಡೆ. ಕೊನೆಗೆ ಆಸೋ ಒಬ್ಬಳೇ ಅದನ್ನು ಕುಡಿದಳು. ಖಾರಕ್ಕೋ ಏನೋ, ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ಪಾತ್ರೆಯನ್ನು ಬೆಸುಗೆಯವರ ಬಳಿಗೆ ಹೊತ್ತುಕೊಂಡು ತಿರುಗಿದೆ. ತಣ್ಣೀರು ನಿಲ್ಲುವಂತೆ ಮಾಡಿಕೊಟ್ಟರು, ಕೆಂಡ ಹಾಕಿದರೆ ಮತ್ತೆ ಸೋರಿತು. ನಾರಾಯಣಮ್ಮ ಆ ಕಡೆಗೆ ಮತ್ತೆ ಹೋಗಲಿಲ್ಲ. ಆ ಚಳಿಗಾಲದಲ್ಲಿ ಪಟ್ಟಣದ ಮೇಲೆ ಬಾಂಬು ಬಿದ್ದು ಜನ ದಿಕ್ಕಾಪಾಲಾಗಿ ಓಡಿದಾಗ, ತೆಲುಗಿನ ಸಂಸಾರವೊಂದರ ಜೊತೆ ಅವಳನ್ನು ರೈಲು ಹತ್ತಿಸಿದೆ. "ನೀವೂ ಬನ್ನಿ," ಎಂದಳು. "ಬಂದು ಅಲ್ಲಿ ಏನು ಮಾಡ್ಲಿ?" ಎಂದೆ. ಅದಾದ ಮೇಲೆ ಇಲ್ಲಿಗೆ ಬಂದ ಕ್ಷಾಮವನ್ನು ಊಟದ ಮಾತಾಡುವ ಈ ಬರಹದೊಳಗೆ ತರಲು ನನಗೆ ಕೈ ಏಳುವುದಿಲ್ಲ. ಅಂಥ ಊರಿಗೆ ಹೆಂಡತಿಯನ್ನು ಬಾ ಎಂದು ಯಾವ ಬಾಯಲ್ಲಿ ಕರೆಯಲಿ?

ಯುದ್ಧ ಮುಗಿದ ಮೇಲೆ ರಜ ಸಿಕ್ಕಿ ಟೇಕಲ್ಲಿನಲ್ಲಿ ಇಳಿದೆ. ನಾರಾಯಣಮ್ಮ ಮೈಕೈ ತುಂಬಿಕೊಂಡಿದ್ದಳು. ಬಳೆಗಳು ಮಣಿಕಟ್ಟಿನಲ್ಲೇ ನಿಂತಿದ್ದವು. ಕರೆದುಕೊಂಡು ಹೋಗಬೇಕೆಂದೇ ಬಂದಿದ್ದೆ. ಊಟಕ್ಕೆ ಮುದ್ದೆ, ಬಸ್ಸಾರು. ತುತ್ತು ಮುರಿದು, ಅದ್ದಿ, ಬಾಯಿಗಿಟ್ಟೆ. ಅತ್ತೆ ಬಡಿಸುವ ಕೈಯನ್ನು ಅಲ್ಲೇ ನಿಲ್ಲಿಸಿದರು.

"ಅಯ್ಯೋ ದೇವುಡಾ! ಅಳಿಯಂದ್ರು ಮುದ್ದೇನ ಅಗೀತಾವ್ರಲ್ಲೇ!"

ಮನೆಯವರೆಲ್ಲ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಅಗಿದ ಮುದ್ದೆ ಹಲ್ಲಿಗೆ ಮೆತ್ತಿಕೊಂಡಿತ್ತು. ನಾರಾಯಣಮ್ಮ ಮಾತ್ರ ನಗದೆ, ಯಾರೋ ದೂರದವರನ್ನು ನೋಡುವ ಹಾಗೆ ನನ್ನನ್ನೇ ನೋಡುತ್ತಿದ್ದಳು. ನಾನು ತಂದಿದ್ದ ಮಾತು ಬಾಯಲ್ಲೇ ಉಳಿಯಿತು.

ಹೊರಡುವ ದಿನ ಅವಳು ಸ್ಟೇಷನ್ನಿಗೆ ಬಂದಳು. ಕಂಕುಳಲ್ಲಿ ಒಂದು ತಪ್ಪಲೆ. ಹೊಸದಾಗಿ ಕಲಾಯಿ ಹಾಕಿಸಿದ್ದಳು. ಮದುವೆಯಲ್ಲಿ ಅವಳ ತಾಯಿ ಕೊಟ್ಟದ್ದು, ಮನೆಯಲ್ಲಿ ಅದರಲ್ಲಲ್ಲದೆ ಬೇರೆ ಪಾತ್ರೆಯಲ್ಲಿ ಸಾರು ಮಾಡಿದವಳಲ್ಲ.

"ಆ ಅಮ್ಮನಿಗೆ ಕೊಡಿ. ಅವ್ರ ತವರಿನದನ್ನ ನಾನು ಕೆಡಿಸ್ದೆ. ಇದು ನನ್ನ ತವರಿಂದು."

"ನೀನೇ ಬಂದು ಕೊಡೇ," ಎಂದೆ.

ಅವಳು ತಪ್ಪಲೆಯನ್ನು ನನ್ನ ಕೈಗಿಟ್ಟು, ಸೆರಗು ಹೊದ್ದುಕೊಂಡು ನಿಂತಳು. ಬರುವ ಮನಸ್ಸಿದ್ದವಳು ತನ್ನ ತವರಿನ ಪಾತ್ರೆಯನ್ನು ಇನ್ನೊಬ್ಬರ ಕೈಲಿ ಕಳಿಸುವುದಿಲ್ಲ. ಅಷ್ಟು ನನಗೂ ತಿಳಿಯಿತು. ರೈಲು ಬಂತು.

ಕಲ್ಕತ್ತೆಯಲ್ಲಿ ಆಸೋ ತಪ್ಪಲೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಬಾಪೇರ್ ಬಾಡಿ?" ಎಂದಳು. ಹೌದೆಂದೆ. ಯಾವಾಗ ಬರುತ್ತಾಳೆ ಎಂದು ಅವಳು ಕೇಳಲಿಲ್ಲ. ಈ ತಪ್ಪಲೆಗೆ ಕೊಳವೆಯಿಲ್ಲ, ಅವಳ ಅಂಗಡಿಯಲ್ಲಿ ಅದರಿಂದ ಏನೂ ಉಪಯೋಗವಿಲ್ಲ. ಆದರೂ ಭಾನುವಾರ ನಾನು ಹೋದಾಗ ಒಳಗಿನ ಒಲೆಯ ಮೇಲೆ ಅದನ್ನಿಟ್ಟು, ದಂಟು ಕಾಳು ಬೇಯಿಸಿ, ಬಸಿದು, ಬಟ್ಟಲು ತಂದಿಡುತ್ತಾಳೆ. ಅನ್ನವನ್ನೇ ಉಂಡೆ ಕಟ್ಟಿ, ಸಾರಿನಲ್ಲಿ ಅದ್ದಿ, ಕಣ್ಣು ಮುಚ್ಚಿ ನುಂಗಲು ನೋಡುತ್ತೇನೆ. ಆಗುವುದಿಲ್ಲ. ಹಲ್ಲು ತಾನಾಗಿಯೇ ಅಗಿಯುತ್ತದೆ.