ಲ್ಯಾಬಿನ ಅಕ್ಕ ಮತ್ತು ಸ್ವಿಚ್ಚಿನ ಡಬ್ಬಿ

ಅಕ್ಕನ ಬಲಗೈ ತೋರುಬೆರಳಿನ ಉಗುರು ಸದಾ ನೇರಳೆ. ರಕ್ತ ಪರೀಕ್ಷೆಯ ಗಾಜಿಗೆ ಹಾಕುವ ಬಣ್ಣ ಅದು. ಎಷ್ಟು ತಿಕ್ಕಿ ತೊಳೆದರೂ ಹೋಗುತ್ತಿರಲಿಲ್ಲ. ಇಳಕಲ್ಲಿನ ಒಂದು ಹೆರಿಗೆ ದವಾಖಾನೆಯ ಪಕ್ಕದಲ್ಲಿ ಅವರದೊಂದು ಸಣ್ಣ ಲ್ಯಾಬು. ಎರಡು ಸಾವಿರದ ಇಸವಿಯ ಆಚೀಚೆ ನಾನಲ್ಲಿ ರಿಪೋರ್ಟು ಟೈಪು ಮಾಡುತ್ತಿದ್ದೆ.

ಕಂಪ್ಯೂಟರು ಎರಡು. ಒಂದರಲ್ಲಿ ದವಾಖಾನೆಯವರ ರಿಪೋರ್ಟು, ಇನ್ನೊಂದರಲ್ಲಿ ಹೊರಗಿನಿಂದ ಬಂದವರದು. ಇಕ್ಕಟ್ಟಾದ ಮೇಜು, ಹಾಗಾಗಿ ಎರಡಕ್ಕೂ ಒಂದೇ ಪರದೆ, ಒಂದೇ ಕೀಬೋರ್ಡು, ಒಂದೇ ಮೌಸು. ನಡುವೆ ಸ್ವಿಚ್ಚಿನ ಡಬ್ಬಿ. ಗುಂಡಿ ಒತ್ತಿದರೆ ಇದು ಹೋಗಿ ಅದು ಬರುತ್ತಿತ್ತು. ಎರಡರಲ್ಲೂ ನಮೂನೆ ಮಾತ್ರ ಒಂದೇ. ಅದಕ್ಕೇ ಅಕ್ಕ ದಿನಾ ಹೇಳುತ್ತಿದ್ದರು: “ಡಬ್ಬಿ ನಂಬಬ್ಯಾಡವ್ವಾ. ಹೆಸರು ಬಾಯಿಬಿಟ್ಟು ಓದು, ಆಮ್ಯಾಲ ಕೈ ಹಚ್ಚು.” ನನಗೋ ಡಿಗ್ರಿ ಮುಗಿಸಿದ ಸೊಕ್ಕು. ಎಂಥ ಪುಕ್ಕಲು ಹೆಂಗಸಪ್ಪಾ ಎಂದು ಒಳಗೇ ನಗುತ್ತಿದ್ದೆ.

ಒಂದು ಮುಂಜಾನೆ ಇಬ್ಬರು ಬಸುರಿಯರ ರಕ್ತದ ಗುಂಪಿನ ಚೀಟಿ ಒಟ್ಟಿಗೆ ಬಂದವು. ದವಾಖಾನೆಯವಳದು ಓ ಪಾಸಿಟಿವ್. ಸಂಜೆ ಅವಳಿಗೆ ಆಪರೇಶನ್. ರಕ್ತ ತರಲು ಗಂಡ ಬಾಗಲಕೋಟೆಗೆ ಹೊರಟು ನಿಂತಿದ್ದ. ಹೊರಗಿನವಳದು ಬಿ ಪಾಸಿಟಿವ್. ನಾನು ಬಿ ಚೀಟಿ ಎತ್ತಿಕೊಂಡೆ. ಗುಂಡಿ ಒತ್ತಿದ್ದೇನೆ ಅಂದುಕೊಂಡೆ, ಒತ್ತಿರಲಿಲ್ಲ. ಪರದೆಯ ಮೇಲೆ ತೆರೆದೇ ಇದ್ದ ದವಾಖಾನೆಯವಳ ಹೆಸರಿನ ಕೆಳಗೇ ಬಿ ಪಾಸಿಟಿವ್ ಅಂತ ಹೊಡೆದು ಪ್ರಿಂಟು ತೆಗೆದೆ. ಗಡಿಬಿಡಿಯಲ್ಲಿ ಅಕ್ಕನೂ ಹೆಸರಷ್ಟೇ ನೋಡಿ ಸಹಿ ಹಾಕಿಬಿಟ್ಟರು. ಗಂಡ ಅದನ್ನೂ ಅವಳ ರಕ್ತದ ಸೀಸೆಯನ್ನೂ ಹಿಡಿದು ಬಸ್ಸಿಗೆ ಓಡಿದ.

ಇನ್ನೊಬ್ಬಳು “ನಂದು ಎಲ್ಲೈತ್ರಿ?” ಎಂದಾಗಲೇ ನಾನು ಪರದೆಯ ಹೆಸರು ನೋಡಿದ್ದು. ಅದು ದವಾಖಾನೆಯವಳದು. “ಅಕ್ಕಾರ...” ಎಂದು ಪರದೆಯತ್ತ ಬೆರಳು ಮಾಡಿದೆ.

ಅಕ್ಕ ಬೈಯಲಿಲ್ಲ. ಓಡಿಹೋಗಿ ಪಕ್ಕದ ಡಾಕ್ಟರಿಗೆ ಹೇಳಿ ಬಂದು ಫೋನು ಹಿಡಿದು ಕೂತರು. ಬಾಗಲಕೋಟೆಯ ಬ್ಲಡ್ ಬ್ಯಾಂಕಿನ ಲೈನು ಎಂಗೇಜು. ಮತ್ತೆ ಎಂಗೇಜು.

“ಅಲ್ಲಿ ಗುಂಪು ಇನ್ನೊಮ್ಮೆ ನೋಡೇ ಕೊಡ್ತಾರಲ್ರಿ?” ಅಳುತ್ತ ಕೇಳಿದೆ.

“ನೋಡ್ತಾರ. ಅವರೂ ಇವತ್ತ ನಮ್ಮಂಗ ಗಡಿಬಿಡ್ಯಾಗ ಇದ್ರ?”

ಬಸ್ಸು ಹುನಗುಂದ ದಾಟಿರಬೇಕು, ಅಮೀನಗಡ ದಾಟಿರಬೇಕು ಎಂದು ನನ್ನ ಜೀವ ಹಾರುತ್ತಿತ್ತು. ಒಂದು ತಾಸಿನ ಮೇಲೆ ಲೈನು ಸಿಕ್ಕಿತು. “ಸಹಿ ನಂದ್ರಿ, ತಪ್ಪೂ ನಂದ. ಆ ಕಾಗದ ನಂಬಬ್ಯಾಡ್ರಿ, ಆಕಿದು ಓ ಪಾಸಿಟಿವ್” ಎಂದು ಅಕ್ಕ ಎರಡೆರಡು ಸಲ ಹೇಳಿದರು.

ಸರಿಯಾದ ರಕ್ತವೇ ಬಂತು. ತಾಯಿ, ಕೂಸು ಇಬ್ಬರೂ ಉಳಿದರು. ಮರುದಿನ ಅಕ್ಕ ನನ್ನ ಕೈ ಹಿಡಿದು ಆ ಬಾಣಂತಿಯ ಮಂಚದ ಹತ್ತಿರ ಕರೆದೊಯ್ದು “ಹೇಳು” ಅಂದರು. ಹೇಳಿದೆ. ಅವಳು ನನ್ನ ಮುಖವನ್ನೇ ನೋಡಿದಳು, ಕೂಸನ್ನು ಸೆರಗಿನೊಳಗೆ ಎಳೆದುಕೊಂಡಳು.

ಹೊರಗೆ ಬಂದು ಕೇಳಿದೆ: “ನನ್ನ ಕೆಲಸದಿಂದ ತಗೀತೀರೇನ್ರಿ?”

“ಹೊಸಾಕಿಗೆ ಈ ಅಂಜಿಕಿ ಎಲ್ಲಿಂದ ತರ್ಲಿ ನಾ? ನಡಿ, ಕೂತು ಟೈಪ್ ಮಾಡು.”

ಅಕ್ಕ ತೀರಿಕೊಂಡು ವರ್ಷಗಳಾದವು. ಲ್ಯಾಬು ಈಗ ನನ್ನ ಕೈಯಲ್ಲಿದೆ. ಪ್ರತಿ ಸಹಿಗೂ ಎದೆ ಡವಡವ ಅನ್ನುತ್ತದೆ. ಆ ಅಂಜಿಕೆ ಹೋದ ದಿನ ನಾನು ಈ ಕುರ್ಚಿ ಬಿಟ್ಟು ಏಳಬೇಕು.