ಓದದೆ ಬಿಟ್ಟ ಸಾಲು

ಒಂದು ಸಾಲನ್ನು ನಾನು ಓದದೆ ಬಿಟ್ಟೆ. ಕಣ್ಣಿಗೆ ಬೀಳಲಿಲ್ಲವೆಂದು ಹೇಳಲಾರೆ. ಕಂಡಿತು, ಅರ್ಥವಾಯಿತು, ಬೆರಳು ಅದರ ಮೇಲೆ ಒಂದು ಕ್ಷಣ ನಿಂತಿತು ಕೂಡ — ಆಮೇಲೆ ಪುಸ್ತಕ ಮುಚ್ಚಿದೆ. ಆ ಕೋಣೆಯಲ್ಲಿ ಕನ್ನಡ ಓದಬಲ್ಲವರು ಇಬ್ಬರೇ ಇದ್ದೆವು. ಒಬ್ಬಳು ನಾನು. ಇನ್ನೊಬ್ಬರು ಆ ಸಾಲನ್ನು ಬರೆದವರು, ದಸ್ತಗೀರ ಕಾಕಾ. ಅವರ ಕೆಲಸ ಹೋದದ್ದು ಆ ಒಂದು ಸಾಲಿನಿಂದ — ಅಲ್ಲ, ನನ್ನಿಂದ. ನೋಡಿ, ಏಳು ವರ್ಷ ಕಳೆದ ಮೇಲೂ ತಪ್ಪನ್ನು ಆ ಸಾಲಿನ ತಲೆಗೇ ಕಟ್ಟಲು ಹೊರಟಿದ್ದೆ.

ಮುಂಬೈಯ ಬೈಕುಲ್ಲಾದಲ್ಲಿ ನಮ್ಮದು ರಕ್ತ ಪರೀಕ್ಷೆಯ ಲ್ಯಾಬ್. ಕುರ್ಲಾ ಮತ್ತು ವಡಾಲದಲ್ಲಿ ಒಂದೊಂದು ಕೌಂಟರ್. ಅಲ್ಲಿ ತೆಗೆದ ರಕ್ತ ಬೈಕುಲ್ಲಾಕ್ಕೆ ಬರುತ್ತದೆ, ಪರೀಕ್ಷೆ ಮುಗಿದ ಮೇಲೆ ರಿಪೋರ್ಟು ಸರ್ವರ್ ಎಂಬ ದೊಡ್ಡ ಕಂಪ್ಯೂಟರಿಗೆ ಸೇರುತ್ತದೆ, ಕೌಂಟರಿನವರು ತಮ್ಮ ಕಂಪ್ಯೂಟರಿನಲ್ಲಿ ನೋಡಿ ಪ್ರಿಂಟ್ ಕೊಡುತ್ತಾರೆ. ಯಾರದಾದರೂ ಅಂಕಿ ಅಪಾಯದ ಮಟ್ಟ ದಾಟಿದ್ದರೆ ಅವರ ಹೆಸರು ಕೌಂಟರಿನ ಪರದೆಯಲ್ಲಿ ಕೆಂಪಗೆ ಮೂಡುತ್ತದೆ. ಕೂಡಲೇ ಮನೆಗೆ ಫೋನ್ ಮಾಡಬೇಕು. ಕಂಪ್ಯೂಟರುಗಳೆಲ್ಲ ನನ್ನ ಜವಾಬ್ದಾರಿ. ವೈರು, ಗೋಡೆಯ ಪೆಟ್ಟಿಗೆ, ಲೈನು — ಇವು ಕಾಕಾ ಅವರದು.

ಕಾಕಾ ಇಂಡಿ ಕಡೆಯವರು. ಮನೆಯಲ್ಲಿ ದಖನಿ ಉರ್ದು, ನನ್ನ ಜೊತೆ ಕನ್ನಡ. ನಾನು ವಡಾಲದಲ್ಲಿ ಬೆಳೆದವಳು. ಅಪ್ಪ ಬಾಗಲಕೋಟೆಯಿಂದ ಬಂದು ಬಂದರಿನಲ್ಲಿ ಕೆಲಸ ಹಿಡಿದವರು. ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಕಲಿತದ್ದರಿಂದ ನನಗೆ ಓದು ಬರಹ ಬರುತ್ತಿತ್ತು. ಇಡೀ ಆಫೀಸಿನಲ್ಲಿ ಡಬ್ಬಿ ಬಿಚ್ಚಿ ರೊಟ್ಟಿ ಹಂಚಿಕೊಳ್ಳಲು ಅವರಿಗೆ ನಾನು, ನನಗೆ ಅವರು.

ಅವರ ಜೇಬಿನಲ್ಲಿ ಸದಾ ಒಂದು ಉದ್ದನೆಯ ನೋಟ್‌ಬುಕ್. ಯಾವ ಮಷೀನಿಗೆ ಯಾವ ನಂಬರು, ಯಾವ ದಿನ ಯಾವ ವೈರು ಬದಲಾಯಿತು — ಎಲ್ಲವನ್ನೂ ಕನ್ನಡದಲ್ಲಿ, ಕನ್ನಡದ ಅಂಕಿಗಳಲ್ಲೇ ಬರೆದಿಡುತ್ತಿದ್ದರು. ನಾನು ಅವರನ್ನು ಸುಮ್ಮನೆ ಕೆಣಕುತ್ತಿದ್ದೆ.

“ನಿಮ್ಮ ಈ ಪುಸ್ತಕಾ ಮುಂಬೈದಾಗ ಯಾರು ಓದವರು ಕಾಕಾ?”

“ನೀ ಅದೀಯಲ್ಲ,” ಎನ್ನುತ್ತಿದ್ದರು.

ಈಗ ನನ್ನ ಕೆಲಸದ ಒಂದು ಗುಟ್ಟು ಹೇಳಬೇಕು. ಕಂಪ್ಯೂಟರಿಗೆ ನಾವು ಸರ್ವರಿನ ಹೆಸರು ಹೇಳುತ್ತೇವೆ. ಆ ಹೆಸರಿನ ನಂಬರು ಯಾವುದೆಂದು ಅದು ಹುಡುಕಿಕೊಳ್ಳಬೇಕು. ಹುಡುಕಿ ಕೊಡಲೆಂದೇ ಬೈಕುಲ್ಲಾದಲ್ಲಿ ಬೇರೊಂದು ಯಂತ್ರವಿದೆ. ಆದರೆ ಅದನ್ನು ಕೇಳುವ ಮೊದಲು ಪ್ರತಿ ಕಂಪ್ಯೂಟರೂ ತನ್ನೊಳಗಿನ ಒಂದು ಚಿಕ್ಕ ಫೈಲನ್ನು ನೋಡುತ್ತದೆ. ಅಲ್ಲಿ ಬರೆದಿತ್ತೋ, ಮುಗಿಯಿತು — ಮತ್ತೆ ಯಾರನ್ನೂ ಕೇಳುವುದಿಲ್ಲ. ಹೆಸರು ಹುಡುಕುವ ಆ ಯಂತ್ರ ಒಂದು ಕಾಲದಲ್ಲಿ ಪದೇ ಪದೇ ಕೈಕೊಡುತ್ತಿತ್ತು. ಕುರ್ಲಾದಿಂದ ಫೋನಿನ ಮೇಲೆ ಫೋನು. ನನಗೋ ಕೋಪ ಮೂಗಿನ ತುದಿಯಲ್ಲೇ. ಒಂದು ದಿನ ಸಿಟ್ಟಿನಲ್ಲಿ ಕುರ್ಲಾಕ್ಕೆ ಹೋಗಿ, ಅಲ್ಲಿನ ಕಂಪ್ಯೂಟರಿನ ಫೈಲಿನಲ್ಲಿ ಸರ್ವರಿನ ಹೆಸರನ್ನೂ ನಂಬರನ್ನೂ ಕೈಯಾರೆ ಬರೆದು ಬಂದೆ. ಫೋನು ನಿಂತವು. ಹೀಗೆ ಮಾಡಬಾರದೆಂದು ನನಗೆ ಗೊತ್ತಿತ್ತು, ಆದ್ದರಿಂದಲೇ ಯಾರಿಗೂ ಹೇಳಲಿಲ್ಲ. ಪಕ್ಕದಲ್ಲಿ ನಿಂತಿದ್ದ ಕಾಕಾ ಮಾತ್ರ ನೋಡಿದ್ದರು.

ಎರಡು ವರ್ಷ ಕಳೆದ ಮೇಲೆ ಎಲ್ಲ ಕಂಪ್ಯೂಟರುಗಳಿಗೂ ಹೊಸ ಆಪರೇಟಿಂಗ್ ಸಿಸ್ಟಂ ಹಾಕುವ ಕೆಲಸ ಬಂತು. ಸರ್ವರ್‌ಗೆ ಹೊಸ ಯಂತ್ರ, ಹೊಸ ನಂಬರು. ಏನಾದರೂ ಎಡವಟ್ಟಾದರೆ ಇರಲಿ ಎಂದು ಹಳೆಯ ಸರ್ವರನ್ನೂ ಒಂದು ವಾರ ಚಾಲೂ ಇಟ್ಟಿದ್ದೆ. ಭಾನುವಾರ ಒಂದೇ ದಿನದಲ್ಲಿ ಎಲ್ಲ ಮುಗಿಸಿ ಬೆನ್ನು ತಟ್ಟಿಸಿಕೊಂಡೆ. ಕುರ್ಲಾದ ಆ ಫೈಲನ್ನು ಮರೆತೆ — ಮರೆತೆ ಎಂದೇ ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ. ಸಿಸ್ಟಂ ಹೊಸದಾದರೂ ಆ ಫೈಲು ಹಾಗೇ ಉಳಿದುಕೊಂಡಿತು.

ಸೋಮವಾರ ಏನೂ ಗೊತ್ತಾಗಲಿಲ್ಲ. ಮಂಗಳವಾರ ಬೆಳಿಗ್ಗೆ ಕುರ್ಲಾ ಕೌಂಟರಿನ ಹುಡುಗಿ ಫೋನ್ ಮಾಡಿ, ನಿನ್ನೆಯಿಂದ ಒಂದೂ ರಿಪೋರ್ಟು ಬಂದಿಲ್ಲ, ಜನ ಬಯ್ಯುತ್ತಿದ್ದಾರೆ ಎಂದಳು. ನಾನು ಬೈಕುಲ್ಲಾದಿಂದ ನೋಡಿದೆ. ಹೆಸರು ಕೇಳಿದರೆ ಸರಿಯಾದ ನಂಬರೇ ಬರುತ್ತಿತ್ತು. ವಡಾಲದಲ್ಲೂ ಸರಿ. ಶನಿವಾರವಷ್ಟೇ ಕಾಕಾ ಕುರ್ಲಾದಲ್ಲಿ ವೈರು ಬದಲಿಸಿದ್ದರು. ಲೈನಿನದೇ ತೊಂದರೆ ಇರಬೇಕು ಎಂದು ಬಿಟ್ಟೆ. ಒಂದು ಗಂಟೆ ಹಾಗೇ ಹೋಯಿತು. ಆ ಒಂದು ಗಂಟೆ — ಇರಲಿ, ಅದಕ್ಕೆ ಬರುತ್ತೇನೆ. ಹುಡುಗಿ ಮತ್ತೆ ಫೋನ್ ಮಾಡಿದಾಗ ಒಂದು ಕಮಾಂಡ್ ಹೇಳಿ, ಪರದೆಯಲ್ಲಿ ಯಾವ ನಂಬರು ಬಂತು ಓದಮ್ಮಾ ಎಂದೆ. ಕೊನೆಯಲ್ಲಿ ನಲವತ್ತೇಳು ಬರಬೇಕಿತ್ತು.

ಅವಳು ಇಪ್ಪತ್ತೊಂದು ಎಂದಳು.

ಅದು ಹಳೆಯ ಸರ್ವರಿನ ನಂಬರು. ಕುರ್ಲಾದ ಕಂಪ್ಯೂಟರು ಎರಡು ದಿನದಿಂದ ಹಳೆಯ ಮನೆಯ ಬಾಗಿಲು ಬಡಿಯುತ್ತಿತ್ತು. ಒಳಗಿದ್ದ ಯಂತ್ರ ಹೊಸ ರಿಪೋರ್ಟು ಕಂಡದ್ದೇ ಇಲ್ಲ, ಪ್ರತಿ ಸಲವೂ ಇನ್ನೂ ತಯಾರಿಲ್ಲ ಎನ್ನುತ್ತಿತ್ತು. ಲೋಕಲ್ ರೈಲು ಹಿಡಿದು ಕುರ್ಲಾ ಮುಟ್ಟುವವರೆಗೆ ಬಾಗಿಲ ಬಳಿಯೇ ನಿಂತಿದ್ದೆ. ಹೋದವಳೇ ಹುಡುಗಿಯನ್ನು ನೀರು ತರಲು ಕಳಿಸಿ, ಫೈಲಿನಲ್ಲಿ ನಾನೇ ಬರೆದಿದ್ದ ಹಳೆಯ ನಂಬರನ್ನು ಅಳಿಸಿದೆ. ಅವಳನ್ನು ಯಾಕೆ ಆಚೆ ಕಳಿಸಿದೆ? ನನಗೇನೂ ಬಾಯಾರಿಕೆ ಇರಲಿಲ್ಲ.

ರಿಪೋರ್ಟುಗಳು ಒಂದರ ಹಿಂದೊಂದು ಇಳಿದವು. ನಡುವೆ ಒಂದು ಹೆಸರು ಕೆಂಪಗಿತ್ತು. ಕಿಡ್ನಿ ತೊಂದರೆಯಿದ್ದ ಒಬ್ಬ ಹೆಂಗಸು. ಸೋಮವಾರ ಕೊಟ್ಟ ರಕ್ತದಲ್ಲಿ ಪೊಟ್ಯಾಷಿಯಂ ವಿಪರೀತ ಏರಿತ್ತು. ಆಕೆಯ ಮಗ ಅಂದು ಬೆಳಿಗ್ಗೆಯಿಂದ ಮೂರು ಸಲ ಬಂದು ರಿಪೋರ್ಟು ಕೇಳಿ ಹೋಗಿದ್ದನಂತೆ. ಹುಡುಗಿ ನನ್ನ ಎದುರಿಗೇ ಫೋನ್ ಮಾಡಿದಳು. ತಾಯಿ ಅರ್ಧ ಗಂಟೆಯ ಹಿಂದೆ ಅಡುಗೆಮನೆಯಲ್ಲಿ ಕುಸಿದು ಬಿದ್ದಳೆಂದೂ, ಆಸ್ಪತ್ರೆಯಲ್ಲಿ ಇದ್ದೇವೆಂದೂ ಅವನು ಹೇಳಿದ. ನಾನು ಲೈನಿನ ಮೇಲೆ ತಪ್ಪು ಹೊರಿಸಿ ಕೂತ ಆ ಒಂದು ಗಂಟೆ ಇದೆಯಲ್ಲ, ಅದರಲ್ಲಿ ಆಕೆ ಇನ್ನೂ ಎದ್ದು ಓಡಾಡುತ್ತಿದ್ದಳು.

ಆಕೆ ಬದುಕಿದಳು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಳು. ಇದನ್ನು ನನ್ನ ಪರವಾಗಿ ಹೇಳುತ್ತಿಲ್ಲ. ಅದರಲ್ಲಿ ನನ್ನದೇನೂ ಇಲ್ಲ.

ಅಷ್ಟರಲ್ಲಿ ಮ್ಯಾನೇಜರ್ ಸಾಹೇಬರ ಫೋನು. “ಕ್ಯಾ ಥಾ?” ಏನಾಗಿತ್ತು ಎಂಬ ಒಂದೇ ಪ್ರಶ್ನೆ. ಸತ್ಯ ಬಾಯಿಯವರೆಗೆ ಬಂದಿತ್ತು ಎಂದು ಬರೆಯಲು ಆಸೆ, ಆದರೆ ಬಂದಿರಲಿಲ್ಲ. ಲೈನಿನದೇ ತೊಂದರೆ ಎಂಬ ಸುಳ್ಳೇ ಸಲೀಸಾಗಿ ಬಂತು. “ಲೈನ್ ಮೇಂ ಗಡಬಡ ಥೀ, ಸರ್.”

ಗುರುವಾರ ವಿಚಾರಣೆ. ಸಾಹೇಬರು, ಕಾಕಾ, ನಾನು, ಇನ್ನಿಬ್ಬರು. ಶನಿವಾರ ಕುರ್ಲಾದಲ್ಲಿ ಏನು ಮಾಡಿದೆ ಎಂದು ಸಾಹೇಬರು ಕಾಕಾ ಅವರನ್ನು ಕೇಳಿದರು. ಕಾಕಾ ಜೇಬಿನಿಂದ ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟರು — ಎಲ್ಲ ಬರೆದಿದೆ ಸಾಬ್, ನೋಡಿಕೊಳ್ಳಿ ಎಂದರು. ಸಾಹೇಬರು ಅದನ್ನು ತಿರುಗಿಸಿ ಮುರುಗಿಸಿ ನೋಡಿ ನನ್ನತ್ತ ತಳ್ಳಿದರು. “ಶಶಿ, ತುಮ್ ಪಢೋ.”

ಕಾಕಾ ಅವರ ಮುಖದಲ್ಲಿ ಆಗ ನಿರಾಳ ಕಂಡಿತು. ಅದನ್ನು ನಾನು ಮರೆಯಲಾರೆ. ನಾನಿದ್ದೇನಲ್ಲ!

ಓದಿದೆ. ಶನಿವಾರ, ಕುರ್ಲಾ, ವೈರು ಬದಲು, ಎರಡು ಸಲ ನೋಡಿದೆ, ಲೈನು ಸರಿ ಇದೆ — ಒಂದೊಂದನ್ನೂ ಹಿಂದಿಗೆ ತಿರುಗಿಸಿ ಹೇಳಿದೆ. ಅದರ ಕೆಳಗೆ ಆ ಸಾಲು. ನನ್ನ ಹೆಸರು ಅದರಲ್ಲಿತ್ತು. ನೌಕರಿ, ಮನೆಯ ಕಂತು, ಆ ವರ್ಷ ಬರಬೇಕಿದ್ದ ಬಡ್ತಿ — ಎಲ್ಲ ಒಟ್ಟಿಗೇ ತಲೆಯಲ್ಲಿ... ಪುಸ್ತಕ ಮುಚ್ಚಿ, ಇಷ್ಟೇ ಸರ್ ಎಂದೆ.

ಲೈನು ಸರಿ ಇದೆ ಎಂದು ಅವನೇ ಬರೆದುಕೊಂಡರೆ ಯಾರು ನಂಬಬೇಕು ಎಂದು ಒಬ್ಬರು ನಕ್ಕರು. ನಾನು ಸರಿಯಾಗಿ ಓದಿದೆನೇ ಎಂದು ಸಾಹೇಬರು ಕಾಕಾ ಅವರನ್ನೇ ಕೇಳಿದರು. “ಬರಾಬರ್ ಪಢಾ ಇಸ್ ನೇ?”

ಕಾಕಾ ನನ್ನನ್ನು ನೋಡಿದರು. ನಾನು ಮೇಜಿನ ಗಾಜಿನ ಕೆಳಗಿದ್ದ ಕ್ಯಾಲೆಂಡರನ್ನು ನೋಡುತ್ತಿದ್ದೆ.

“ಬರಾಬರ್ ಪಢಾ, ಸಾಬ್.”

ಹಾಗಾದರೆ ಶನಿವಾರವೇ ನಿನ್ನ ಕೊನೆಯ ದಿನ ಎಂದು ಸಾಹೇಬರು ಅವರಿಗೆ ಹೇಳಿಬಿಟ್ಟರು. ಹೊರಗೆ ಮೆಟ್ಟಿಲ ಬಳಿ ಕಾಕಾ ನನ್ನನ್ನು ನಿಲ್ಲಿಸಿದರು. ಬೈಗುಳಕ್ಕೆ ತಯಾರಾಗಿಯೇ ನಿಂತೆ. ಅವರು ದನಿ ತಗ್ಗಿಸಿ, ಮನೆಯ ಮಗಳಿಗೆ ಹೇಳುವ ಹಾಗೆ ಹೇಳಿದರು: “ಒಂದ್ ಸಾಲ ಬಿಟ್ಟಿ, ತಂಗಿ. ನಾ ಹೇಳಿದ್ರ ಚಾಡಿ ಆಕ್ಕೈತಿ. ನೀನ ಹೋಗಿ ಹೇಳು. ಶನಿವಾರ ತನಕಾ ಟೈಮ್ ಐತಿ, ಅಂಜಬ್ಯಾಡ.”

ಹೂಂ ಎಂದೆ.

ಶುಕ್ರವಾರ ಆ ಹೆಂಗಸಿನ ಮಗ ಆಫೀಸಿಗೆ ಬಂದು ಕೂಗಾಡಿದ. ಯಾರು ಮಾಡಿದ್ದು ಎಂದು ಕೇಳಿದಾಗ ಸಾಹೇಬರು ಕಾಕಾ ಅವರತ್ತ ಕೈ ತೋರಿಸಿದರು. ಆ ಹುಡುಗ ಅವರ ಅಂಗಿಯ ಕಾಲರ್ ಹಿಡಿದ. ಐವತ್ತು ದಾಟಿದ ಮನುಷ್ಯ, ಕೈ ಮುಗಿದು, ತಾಯಿ ಹೇಗಿದ್ದಾರೆ ಬೇಟಾ ಎಂದು ಕೇಳಿದರು. ನಾನು ಗಾಜಿನ ಬಾಗಿಲಿನ ಈಚೆ ನಿಂತು ನೋಡಿದೆ. ಬಾಗಿಲು ತೆಗೆಯಲು ಎರಡು ಹೆಜ್ಜೆ ಸಾಕಿತ್ತು.

ಶನಿವಾರ ಸಂಜೆಯವರೆಗೂ ಅವರು ಕಾದರು. ಏನೇನೋ ನೆಪ ಮಾಡಿಕೊಂಡು ಎರಡು ಸಲ ನನ್ನ ಮೇಜಿನ ಮುಂದೆ ಹಾದು ಹೋದರು. ನಾನು ತಲೆ ಎತ್ತಲಿಲ್ಲ. ಐದು ಗಂಟೆಗೆ ಇಕ್ಕಳ, ಟೆಸ್ಟರ್, ಬೀಗದ ಕೈ ಒಪ್ಪಿಸಿ ಹೋದರು. ನೋಟ್‌ಬುಕ್ ನನ್ನ ಬಳಿಯೇ ಉಳಿದಿತ್ತು. ಅದನ್ನು ಚೀಲದಲ್ಲಿ ಹಾಕಿಕೊಂಡು ವಡಾಲದ ಮನೆಗೆ ತಂದು, ಕಪಾಟಿನಲ್ಲಿ ಸೀರೆಗಳ ಅಡಿ ಇಟ್ಟೆ. ಬಡ್ತಿ ಬಂತು. ಮುಂದೆ ಅವರಿಗೆ ಯಾವ ಲ್ಯಾಬಿನವರೂ ಕೆಲಸ ಕೊಡಲಿಲ್ಲ ಎಂದು ಕೇಳಿದೆ. ರಿಪೋರ್ಟು ಕೆಡಿಸಿದವನು ಎಂದು ಹೆಸರಾಗಿಬಿಟ್ಟಿತ್ತು.

ಇಷ್ಟಕ್ಕೇ ನಿಂತಿದ್ದರೆ ಬಹುಶಃ ಈಗಲೂ ಬರೆಯುತ್ತಿರಲಿಲ್ಲ. ಹೋದ ತಿಂಗಳು ಕುರ್ಲಾ ಸ್ಟೇಷನ್ನಿನ ಬ್ರಿಜ್ ಮೇಲೆ ಎದುರಾದರು. ಗಡ್ಡ ಪೂರ್ತಿ ಬೆಳ್ಳಗಾಗಿದೆ. ಹೆಗಲಿಗೆ ಚೀಲ, ಮನೆ ಮನೆಗೆ ಹೋಗಿ ಫ್ಯಾನು ಮಿಕ್ಸರು ರಿಪೇರಿ ಮಾಡುತ್ತಾರಂತೆ. ಜನ ನೂಕುತ್ತಿದ್ದರು. “ಆರಾಮ ಅದೀಯೇನವಾ?” ಎಂದು ಕೇಳಿ, ಹೋಗುವ ಮುಂಚೆ ಇನ್ನೊಂದು ಮಾತು ಕೇಳಿದರು. “ನನ್ನ ಪುಸ್ತಕಾ ನಿನ್ನ ಹಂತ್ಯಾಕ ಉಳೀತೇನು, ತಂಗಿ?”

“ಇಲ್ಲ ಕಾಕಾ. ಎಲ್ಲಿ ಹೋತೋ ಏನೋ.”

ಯೋಚಿಸಲೇ ಇಲ್ಲ. ನಾಲಗೆ ತಾನಾಗಿ ಹೇಳಿತು. ಅವರು ಇರಲಿ ಬಿಡು ಎಂದು ತಲೆಯಾಡಿಸಿ ಮೆಟ್ಟಿಲು ಇಳಿದರು. ಅವತ್ತು ನನಗೆ ನನ್ನ ಬಗ್ಗೆಯೇ ಹೇಸಿಗೆಯಾಯಿತು. ಒಂದು ಸಲ ಹೆದರಿ ಸುಳ್ಳು ಹೇಳಿದವಳು ಎಂದುಕೊಂಡಿದ್ದೆ. ಈಗ ನನಗೆ ಯಾವ ಹೆದರಿಕೆ ಇತ್ತು?

ಸಾಹೇಬರಿಗೆ ಪತ್ರ ಬರೆದಿದ್ದೇನೆ. ಆ ಪುಟದ ಪ್ರತಿ, ಹಿಂದಿಯಲ್ಲಿ ಅದರ ಅರ್ಥ, ಕೆಳಗೆ ನನ್ನ ಸಹಿ. ಇಂದು ಬೆಳಿಗ್ಗೆ ಅವರ ಕೈಗೇ ಕೊಟ್ಟು ಬಂದೆ. ಅವರು ಏನು ಮಾಡುತ್ತಾರೋ ಮಾಡಲಿ. ಆ ಹೆಂಗಸಿನ ಮಗನಿಗೂ ಒಂದು ಪ್ರತಿ ಕೊಡಬೇಕು, ವಿಳಾಸ ಹುಡುಕಿದ್ದೇನೆ. ಈಗ ಕುರ್ಲಾದಲ್ಲಿರುವ ಕಾಕಾ ಅವರ ಮನೆಗೆ ಹೊರಟಿದ್ದೇನೆ, ನೋಟ್‌ಬುಕ್ ಚೀಲದಲ್ಲಿದೆ. ಅವರು ಬಾಗಿಲು ತೆರೆದರೆ ಮೊದಲು ಆ ಸಾಲನ್ನು ಓದುತ್ತೇನೆ, ಆಮೇಲೆ ಬೇರೆ ಮಾತು. ಅವರು ಮಾತೇ ಆಡದಿದ್ದರೂ ಸರಿ.

ಮರೆತೆ ಎಂದು ಮೇಲೆ ಬರೆದಿದ್ದೆನಲ್ಲ. ಆ ಸಾಲು ಹೀಗಿದೆ:

“ಕುರ್ಲಾ ಮಷೀನಿನಾಗ ಶಶಿ ಬರದ ಹಳೇ ನಂಬರು ೨೧ ಇನ್ನೂ ಹಂಗ ಐತಿ, ಹೊಸಾದು ಬರೂಕಿಂತ ಮೊದಲ ತಗೀಬೇಕು. ಆಕೀಗೆ ಫೋನ್ ಮಾಡಿ ಹೇಳಿದೆ. ಹೂಂ ಅಂದಳು.”