ಎಪ್ಸಮ್‌ನ ಕುದುರೆ, ಅಪ್ಪನ ಕುದುರೆ

ಅಪ್ಪ ಕುದುರೆ ಡಾಕ್ಟರು. ನಾನು ಚಿಕ್ಕವಳಿದ್ದಾಗ ನಮ್ಮೂರಿನ ರೇಸ್ ಕೋರ್ಸಿನಲ್ಲಿ ಕೆಲಸದಲ್ಲಿದ್ದರು. ಇದ್ದಕ್ಕಿದ್ದಂತೆ ಅದನ್ನು ಬಿಟ್ಟು ಸರ್ಕಾರಿ ಪಶು ಆಸ್ಪತ್ರೆ ಸೇರಿಕೊಂಡರು. ಆಮೇಲೆ ರಿಟೈರ್ ಆಗುವವರೆಗೂ ಹಸು, ಎಮ್ಮೆ, ಕುರಿ ಅಷ್ಟೇ. ಯಾಕೆ ಬಿಟ್ಟರೆಂದು ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ.

ಅಮ್ಮ ತೀರಿಕೊಂಡ ಮೇಲೆ ಅವರನ್ನು ಅಮೆರಿಕದ ನಾರ್ತ್‌ವಿಲ್‌ಗೆ, ನಮ್ಮ ಜೊತೆಗೇ ಇರಲೆಂದು ಕರೆದುಕೊಂಡು ಬಂದೆ. ಮಿಶಿಗನ್ನಿನ ಚಳಿಗೆ ಅವರ ಮಂಡಿ ಹಿಡಿದುಕೊಳ್ಳುತ್ತಿತ್ತು. ಸಂಜೆ ಹೊತ್ತು ನೋವಿಗೆಂದು ಬಿಸಿನೀರಿಗೆ ಎಪ್ಸಮ್ ಸಾಲ್ಟ್ ಎಂಬ ಉಪ್ಪು ಹಾಕಿ ಕಾಲಿಟ್ಟುಕೊಂಡು ಕೂರುತ್ತಿದ್ದರು. ಏಳನೇ ಕ್ಲಾಸಿನಲ್ಲಿದ್ದ ನನ್ನ ಮಗಳಿಗೆ ಆಗ ಸ್ಕೂಲಿನಲ್ಲಿ ಯಾವುದಾದರೊಂದು ಊರಿನ ಚರಿತ್ರೆ ಬರೆಯಲು ಕೊಟ್ಟಿದ್ದರು. ಅವಳು ಉಪ್ಪಿನ ಪ್ಯಾಕೆಟ್ ಎತ್ತಿಕೊಂಡು, "ಎಪ್ಸಮ್ ಅನ್ನೋದು ಪ್ಲೇಸಾ, ತಾತ?" ಎಂದಳು.

"ಊರೇ ಕಣಮ್ಮ, ಇಂಗ್ಲೆಂಡಲ್ಲಿದೆ. ನಾನು ನೋಡಿಲ್ಲ, ಓದಿದೀನಿ."

ಅಪ್ಪ ಹೇಳುತ್ತಾ ಹೋದರು. ಸುಮಾರು ನಾನೂರು ವರ್ಷದ ಹಿಂದೆ ಅಲ್ಲೊಂದು ಬಯಲಿನಲ್ಲಿ ದನ ಕಾಯುವವನೊಬ್ಬ ಇದ್ದನಂತೆ. ಬೇಸಿಗೆಯಲ್ಲಿ ಒಂದು ಗುಂಡಿಯಲ್ಲಿ ನೀರು ಕಂಡಿತು, ಆದರೆ ಬಾಯಾರಿದ ದನಗಳೂ ಅದಕ್ಕೆ ಬಾಯಿ ಹಾಕಲಿಲ್ಲ. ಅಷ್ಟು ಕಹಿ. ಆ ನೀರು ಹೊಟ್ಟೆ ಶುದ್ಧ ಮಾಡುತ್ತದೆ ಎಂದು ಸುದ್ದಿ ಹಬ್ಬಿ ಲಂಡನ್ನಿನ ದೊಡ್ಡ ಮನುಷ್ಯರೆಲ್ಲ ಬರತೊಡಗಿದರು. ನೀರು ಕಾಯಿಸಿ ಉಪ್ಪು ತೆಗೆದರು. ಛತ್ರಗಳು, ಅಂಗಡಿಗಳು ಎದ್ದವು. ಬಂದವರಿಗೆ ಹೊತ್ತು ಹೋಗಬೇಕಲ್ಲ, ಗುಡ್ಡದ ಮೇಲೆ ಕುದುರೆ ಓಡಿಸಿದರು. ಮುಂದೆ ನೀರಿನ ಹುಚ್ಚು ಇಳಿಯಿತು, ಜನ ಸಮುದ್ರಸ್ನಾನದ ಕಡೆ ಹೊರಟರು. ಕುದುರೆಗಳು ಮಾತ್ರ ಉಳಿದುಕೊಂಡವು.

"ಡರ್ಬಿ ರೇಸ್ ಅಂತೀವಲ್ಲ, ಅದು ಶುರುವಾಗಿದ್ದೇ ಅಲ್ಲಿ. ಹೆಂಗಸರಿಗೆ ಓಟು ಬೇಕು ಅಂತ ಹೋರಾಡ್ತಿದ್ದ ಒಬ್ಬಳು, ನೂರು ವರ್ಷಕ್ಕೂ ಹಿಂದೆ, ಅದೇ ರೇಸಲ್ಲಿ ರಾಜನ ಕುದುರೆಗೆ ಅಡ್ಡ ಹೋದಳು. ಏಟು ತಿಂದು, ಕೆಲವು ದಿನಕ್ಕೆ ಆಸ್ಪತ್ರೇಲಿ ಸತ್ತಳು."

ಮಗಳು ಪೆನ್ಸಿಲ್ ನಿಲ್ಲಿಸಿದಳು. "ವಾಟ್ ಅಬೌಟ್ ದ ಹಾರ್ಸ್?"

"ಅದು ಎದ್ದು ಓಡಿತು. ಬೆನ್ನ ಮೇಲೆ ಯಾರೂ ಇಲ್ಲದೇನೇ." ಅಪ್ಪ ನನ್ನ ಕಡೆ ತಿರುಗಿ, "ನಮ್ಮದು ಏಳಲಿಲ್ಲ," ಎಂದರು.

ಅವತ್ತು ಮೊದಲ ಸಲ ಹೇಳಿದರು. ರೇಸಿನ ಕೊನೆಯ ತಿರುವಿನಲ್ಲಿ ಒಂದು ಹೆಣ್ಣು ಕುದುರೆಯ ಮುಂಗಾಲು ಮುರಿದಿತ್ತು. ಜನರಿಗೆ ಕಾಣದಿರಲೆಂದು ಸುತ್ತ ಬಟ್ಟೆ ಹಿಡಿದರು. ಹುಟ್ಟಿದಾಗಿನಿಂದ ಅದನ್ನು ಸಾಕಿದವನು ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಏನೂ ಇಲ್ಲ ಮಗಳೇ, ಮನೆಗೆ ಹೋಗೋಣ," ಎನ್ನುತ್ತಿದ್ದ. ಅಪ್ಪ ಇಂಜೆಕ್ಷನ್ ಕೊಟ್ಟರು. ಮುರಿದ ಕಾಲು ಕೂಡುವಂಥದ್ದಲ್ಲ, ಕೊಡದೆ ಬೇರೆ ದಾರಿ ಇರಲಿಲ್ಲ. "ಅವನು ಮಾತಾಡ್ತಾನೇ ಇದ್ದ, ಅದು ಹೋದ ಮೇಲೂ," ಎಂದರು. ಆ ವಾರವೇ ರಾಜೀನಾಮೆ. ಅಲ್ಲಿಂದೀಚೆಗೆ ಅವರು ಕುದುರೆ ಮುಟ್ಟಿರಲಿಲ್ಲ.

ನಾರ್ತ್‌ವಿಲ್‌ನಲ್ಲೂ ಆಗ ಒಂದು ರೇಸಿನ ಟ್ರ್ಯಾಕ್ ಇತ್ತು. ಕುದುರೆಗಳು ಎರಡು ಚಕ್ರದ ಹಗುರ ಗಾಡಿ ಎಳೆದುಕೊಂಡು ಓಡುವಂಥದ್ದು. ಜಾಗ ಮನೆ ಕಟ್ಟುವವರ ಪಾಲಾಗಿ, ಅದು ಮುಚ್ಚುವ ಚಳಿಗಾಲ ಬಂತು. ಮಗಳು ನೋಡಲೇಬೇಕೆಂದಳು. "ನೀವು ಹೋಗಿಬನ್ನಿ," ಎಂದ ಅಪ್ಪ ನಾವು ಗರಾಜಿಗೆ ಹೋಗುವಷ್ಟರಲ್ಲಿ ಕೋಟು ಹಾಕಿಕೊಂಡು ಕಾರಿನ ಹತ್ತಿರ ನಿಂತಿದ್ದರು.

ಲಾಯದ ಕಡೆ ಒಬ್ಬ ವಯಸ್ಸಾದ ಅಮೆರಿಕನ್ ಹೆಂಗಸು ಓಡಿ ಬಂದ ಕಂದು ಬಣ್ಣದ ಕುದುರೆಯೊಂದನ್ನು ಬೆವರು ಆರಲೆಂದು ನಡೆಸುತ್ತಿದ್ದಳು. ಅದರ ತರಬೇತುದಾರಳು. ಅಪ್ಪ ಅದರ ನಡಿಗೆಯನ್ನೇ ನೋಡುತ್ತಾ ನಿಂತರು. ತಾನು ಕುದುರೆ ವೈದ್ಯನಾಗಿದ್ದೆನೆಂದು ಹೇಳಿ, ಮುಟ್ಟಬಹುದೇ ಎಂದು ಕೇಳಿದರು. ಅವಳು ಹಗ್ಗ ಸಡಿಲಿಸಿ ನಿಂತಳು. ಅಪ್ಪ ಗ್ಲೌಸ್ ಬಿಚ್ಚಿದರು. ಬಗ್ಗಲು ಆಗದ ಮಂಡಿಯನ್ನು ಬಗ್ಗಿಸಿ, ಮುಂಗಾಲಿನ ಉದ್ದಕ್ಕೂ ಅಂಗೈ ಇಳಿಸಿದರು. ಕುದುರೆ ಕತ್ತು ಬಗ್ಗಿಸಿ ಅವರ ಟೋಪಿ ಮೂಸಿತು.

"ಕಾಲು ಚೆನ್ನಾಗಿದೆ," ಎಂದರು ಕನ್ನಡದಲ್ಲಿ. ಯಾರಿಗೆ ಹೇಳಿದರೋ. ಆಮೇಲೆ ಕುದುರೆಯ ಭುಜಕ್ಕೆ ಹಣೆ ಒತ್ತಿ ಅತ್ತರು. ಅಪ್ಪ ಅಳುವುದನ್ನು ನಾನು ಅಮ್ಮ ಹೋದಾಗಲೂ ಕಂಡಿರಲಿಲ್ಲ. ಆ ಹೆಂಗಸು ಅಲ್ಲೇ ಹಗ್ಗ ಹಿಡಿದು ನಿಂತಿದ್ದಳು.

ಟ್ರ್ಯಾಕ್ ಮುಚ್ಚಿದ ಮೇಲೆ ಅವಳು ಕುದುರೆಗಳನ್ನು ಊರಾಚೆಯ ತನ್ನ ಫಾರ್ಮಿಗೆ ಸಾಗಿಸಿದಳು, ಅಪ್ಪನನ್ನೂ ಕರೆದಳು. ಶನಿವಾರ ನಾನೇ ಡ್ರೈವ್ ಮಾಡಿಕೊಂಡು ಹೋಗುತ್ತಿದ್ದೆ. ಅಪ್ಪ ಕುದುರೆಗಳ ಮೈ ಉಜ್ಜುತ್ತಿದ್ದರು, ಗೊರಸು ನೋಡುತ್ತಿದ್ದರು, ಅವಳ ಜೊತೆ ಮೆಟ್ಟಿಲ ಮೇಲೆ ಕೂತು ಕಾಫಿ ಕುಡಿಯುತ್ತಿದ್ದರು. ಬರುವಾಗ ಕಾರೆಲ್ಲ ಹುಲ್ಲಿನ ವಾಸನೆ. ಅಪ್ಪನ ಹೃದಯ ಕೈಕೊಡುವವರೆಗೂ ಹೀಗೆ ನಡೆಯಿತು.

ಅಂತ್ಯಸಂಸ್ಕಾರದ ದಿನ ಅವಳು ಬಂದಿದ್ದಳು. ನಮ್ಮ ಮಂತ್ರ, ಅಕ್ಕಿ, ಹೂವು ಏನೂ ತಿಳಿಯದೆ ಬಾಗಿಲ ಬಳಿ ನಿಂತಿದ್ದಳು. ಮಗಳು ಹೋಗಿ ಕೈಹಿಡಿದು ಕರೆದುಕೊಂಡು ಬಂದಳು. ಅಪ್ಪನ ಮಡಚಿದ ಕೈಗಳ ಮೇಲೆ ಆ ಹೆಂಗಸು ತನ್ನ ಒರಟು ಅಂಗೈಯನ್ನು ಇಟ್ಟು, ತುಂಬಾ ಹೊತ್ತು ಹಾಗೇ ನಿಂತಳು.